ಓವನ್ ಬಾಗಿಲಿನ ಕೆಂಪು ಬೈರಾಸು

ನನಗೊಂದು ವಿಚಿತ್ರ ಅಭ್ಯಾಸವಿದೆ. ಫೋನ್ ರಿಂಗಾದ ಕೂಡಲೇ ಕೈ ಒರೆಸಿಕೊಳ್ಳುತ್ತೇನೆ. ಕೈ ಒದ್ದೆಯಾಗಿದ್ದರೆ ಎಲ್ಲರೂ ಒರೆಸಿಕೊಳ್ಳುತ್ತಾರೆ, ಅದರಲ್ಲೇನು ವಿಚಿತ್ರ ಎನ್ನಬೇಡಿ. ನಾನು ಸೋಫಾದ ಮೇಲೆ ಕಾಲು ಚಾಚಿ ನೆಲಗಡಲೆ ತಿನ್ನುತ್ತಾ ಕುಳಿತಿದ್ದರೂ ಫೋನ್ ಕೂಗಿತೆಂದರೆ ಎದ್ದು ಅಡುಗೆಮನೆಗೆ ಹೋಗುತ್ತೇನೆ. ಓವನ್ನಿನ ಬಾಗಿಲಿಗೆ ನೇತುಹಾಕಿದ ಕೆಂಪು ಬೈರಾಸಿಗೆ ಎರಡೂ ಕೈಗಳನ್ನು ಹಿಂದೆ ಮುಂದೆ ಉಜ್ಜಿ, ಆಮೇಲೆ ಬಂದು ಫೋನ್ ಎತ್ತುತ್ತೇನೆ. ಅಷ್ಟರಲ್ಲಿ ಅರ್ಧ ಜನ ಫೋನ್ ಇಟ್ಟಿರುತ್ತಾರೆ.

ಇಲ್ಲಿ ಸಿಯಾಟಲ್ ಹತ್ತಿರದ ಕೆಂಟ್‌ನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ನಮ್ಮವರಿಗೆ ಇದು ದೊಡ್ಡ ತಮಾಷೆ. "ನಿಂಗೆ ಫೋನ್ ಮಾಡುದೂ ಒಂದೇ, ದೇವರಿಗೆ ಹರಕೆ ಹೇಳುದೂ ಒಂದೇ ಮಾರಾಯ್ತಿ. ಕೇಳಿಸ್ತದೆ, ಉತ್ತರ ಮಾತ್ರ ಬರುದಿಲ್ಲ" ಎನ್ನುತ್ತಾರೆ. ನಾನು ನಗುತ್ತೇನೆ. ಆದರೆ ಆ ಮಾತು ಪ್ರತಿ ಸಲವೂ ಎದೆಯ ಒಂದು ಮೂಲೆಯಲ್ಲಿ ಚುಚ್ಚುತ್ತದೆ. ಯಾಕೆ ಎಂಬುದು ಅವರಿಗೆ ಆಮೇಲೆ ಗೊತ್ತಾಯಿತು, ನಿಮಗೂ ಹೇಳುತ್ತೇನೆ. ಸ್ವಲ್ಪ ಸುತ್ತು ಹಾಕಿಕೊಂಡು ಬರಬೇಕಾಗುತ್ತದೆ, ಬೇಸರ ಮಾಡಬೇಡಿ.

ಮೊದಲು ಬೈರಾಸಿನ ವಿಷಯ. ಘಟ್ಟದ ಮೇಲಿನವರಿಗೆ ಈ ಶಬ್ದ ಗೊತ್ತಿರಲಿಕ್ಕಿಲ್ಲ. ತೆಳುವಾದ ಚೌಕಳಿಯ ಟವೆಲ್ಲು, ಅಷ್ಟೇ. ನಮ್ಮ ಉಡುಪಿ ಕಡೆಯ ಗಂಡಸರ ಹೆಗಲ ಮೇಲೆ ಅದು ಹುಟ್ಟಿನಿಂದಲೇ ಬಂದಂತೆ ಇರುತ್ತದೆ. ನನ್ನ ಅಪ್ಪ ಅಡುಗೆಯವರು. ಬಾಥೆಲ್ ಕಡೆಯ ದೇವಸ್ಥಾನದ ಅಡುಗೆಮನೆಗೆಂದು ಅವರು ಅಮೆರಿಕಕ್ಕೆ ಬಂದಾಗ, ನಮ್ಮೆಲ್ಲರ ಸಾಮಾನಿನ ನಡುವೆ ಒಂದು ಕಟ್ಟು ಬೈರಾಸು ತಂದಿದ್ದರು. ಈಗ ಅಪ್ಪ ಇಲ್ಲ. ಬೈರಾಸು ಒಂದು ಉಳಿದಿದೆ.

ಇಲ್ಲಿಗೆ ಬಂದ ಹೊಸತರಲ್ಲಿ ಅಪ್ಪನ ದೊಡ್ಡ ಸೋಲು ದೋಸೆ ಹಿಟ್ಟಿನ ಎದುರು ಆದದ್ದು. ಈ ಚಳಿಗೆ ಹಿಟ್ಟು ಏಳುವುದಿಲ್ಲ, ಹುಳಿ ಬರುವುದಿಲ್ಲ. ಎಷ್ಟು ಹೊತ್ತು ಇಟ್ಟರೂ ಸಿಟ್ಟು ಮಾಡಿಕೊಂಡ ನೆಂಟರ ಹಾಗೆ ಸುಮ್ಮನೆ ಕುಳಿತಿರುತ್ತದೆ. ಕೊನೆಗೆ ಯಾರೋ ಉಪಾಯ ಹೇಳಿಕೊಟ್ಟರು. ಹಿಟ್ಟಿನ ಪಾತ್ರೆಯನ್ನು ಓವನ್ನಿನೊಳಗೆ ಇಡುವುದು, ಓವನ್ ಹಚ್ಚದೆ ಒಳಗಿನ ಸಣ್ಣ ದೀಪವನ್ನು ಮಾತ್ರ ಹಾಕುವುದು. ಆ ದೀಪದ ಬಿಸಿಗೆ ಬೆಳಗಾಗುವುದರೊಳಗೆ ಹಿಟ್ಟು ಉಕ್ಕಿ ಬಂದಿರುತ್ತದೆ. ಈ ಸಿಯಾಟಲ್ ಸುತ್ತಿನಲ್ಲಿ ದೋಸೆ ತಿನ್ನುವ ಎಲ್ಲ ಮನೆಗಳಲ್ಲೂ ಓವನ್ ಎಂದರೆ ಅರ್ಧ ಹಿಟ್ಟಿನ ಗೂಡೇ. ಇದರಲ್ಲೊಂದು ಅಪಾಯ ಉಂಟು. ಒಳಗೆ ಹಿಟ್ಟಿರುವುದನ್ನು ಮರೆತು ಯಾರಾದರೂ ಓವನ್ ಹಚ್ಚಿಬಿಟ್ಟರೆ ಮುಗಿಯಿತು. ಅದಕ್ಕೇ ಅಪ್ಪ ಒಂದು ನಿಯಮ ಮಾಡಿದರು. ಹಿಟ್ಟು ಒಳಗಿದ್ದರೆ ಓವನ್ ಬಾಗಿಲ ಹಿಡಿಗೆ ಕೆಂಪು ಬೈರಾಸನ್ನು ಗಂಟು ಹಾಕಿ ಕಟ್ಟಬೇಕು, ಸುಮ್ಮನೆ ನೇತಾಡಿದರೆ ಲೆಕ್ಕಕ್ಕಿಲ್ಲ. "ಬೈರಾಸು ಕಟ್ಟಿದ್ದು ಕಂಡ್ರೆ ಒಳಗೆ ಬಾಣಂತಿ ಮಲಗಿದ್ದಾಳೆ ಅಂತ ತಿಳ್ಕೊಳ್ಳಿ. ಬಾಗಿಲು ಮುಟ್ಟಬಾರದು, ಗಲಾಟೆ ಮಾಡಬಾರದು" ಎನ್ನುತ್ತಿದ್ದರು.

ಇನ್ನು ನನ್ನ ವಿಷಯ. ನನ್ನ ಹೆಸರು ಶಾರದಾ. ಹೆಸರಿನಲ್ಲಿರುವಷ್ಟು ವಿದ್ಯೆ ತಲೆಯೊಳಗಿಲ್ಲ. ಎಂಟನೆಯ ಕ್ಲಾಸು ನಡೆಯುತ್ತಿದ್ದಾಗ ತಂಗಿ ಸುಮ ಹುಟ್ಟಿದಳು. ಹೆರಿಗೆಯ ನಂತರ ಅಮ್ಮ ಬಹಳ ಕಾಲ ಹಾಸಿಗೆ ಬಿಟ್ಟು ಏಳಲಿಲ್ಲ. ತೊಟ್ಟಿಲು ತೂಗಲು ನಾನು ಶಾಲೆ ಬಿಟ್ಟೆ. ತ್ಯಾಗ ಗೀಗ ಎಂದು ದೊಡ್ಡ ಮಾತು ಆಡಬೇಡಿ. ಆ ವರ್ಷ ಲೆಕ್ಕಕ್ಕೆ ಹೊಸ ಮಾಸ್ಟ್ರು ಬಂದಿದ್ದರು, ಅವರ ಬೆತ್ತ ತಪ್ಪಿತಲ್ಲ ಎಂದು ನನಗೆ ಒಳಗೊಳಗೇ ಖುಷಿಯೇ ಆಗಿತ್ತು. ಆದರೆ ಶಾಲೆ ಎಂಬ ಹುಚ್ಚು ಬಿಟ್ಟಿರಲಿಲ್ಲ. ಅಂಗಳದ ಸುತ್ತ ಕ್ರೋಟನ್ ಗಿಡಗಳಿದ್ದವು. ಅವೇ ನನ್ನ ಮಕ್ಕಳು. ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು, ಕೈಯಲ್ಲಿ ತೆಂಗಿನ ಕಡ್ಡಿ ಹಿಡಿದು ಅವಕ್ಕೆ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ನನಗೆ ಬರುತ್ತಿದ್ದುದು ಹಣ್ಣು ತರಕಾರಿಯ ಹೆಸರು ಮಾತ್ರ. ಉತ್ತರ ಹೇಳದ ಗಿಡಕ್ಕೆ ಏಟು. ಯಾವ ಗಿಡವೂ ಉತ್ತರ ಹೇಳುತ್ತಿರಲಿಲ್ಲವಾದ್ದರಿಂದ ನಮ್ಮ ಅಂಗಳದ ಕ್ರೋಟನ್‌ಗಳಲ್ಲಿ ಒಂದಕ್ಕೂ ನೆಟ್ಟಗೆ ಎಲೆ ಇರಲಿಲ್ಲ.

ಹದಿನಾರಕ್ಕೆ ಇಲ್ಲಿಗೆ ಬಂದಾಗ ನನ್ನನ್ನು ಹೈಸ್ಕೂಲಿಗೆ ಸೇರಿಸಿದರು. ಒಂದು ದಿನ ಟೀಚರ್ ಪುಸ್ತಕದ ಒಂದು ಪ್ಯಾರಾ ಓದಲು ಹೇಳಿದರು. ಊರಿನ ಶಾಲೆಯಲ್ಲಿ ಹೇಗೆ ಓದುವುದು? ಎದ್ದು ನಿಲ್ಲಬೇಕು, ಕೈ ಕಟ್ಟಬೇಕು, ಹಿಂದಿನ ಬೆಂಚಿಗೆ ಕೇಳುವಂತೆ ರಾಗವಾಗಿ ಓದಬೇಕು. ನಾನು ಹಾಗೇ ಮಾಡಿದೆ. ಪುಸ್ತಕ ಮೇಜಿನ ಮೇಲೆ, ಕೈ ಎದೆಯ ಮೇಲೆ, ಧ್ವನಿ ಮಾಡಿನ ಮೇಲೆ. ತರಗತಿ ಒಂದು ಕ್ಷಣ ಬಾಯಿ ಬಿಟ್ಟು ಕುಳಿತು, ಆಮೇಲೆ ಒಟ್ಟಿಗೇ ನಕ್ಕಿತು. ಕೆಟ್ಟ ಮಕ್ಕಳಲ್ಲ. ಅಂಥದ್ದನ್ನು ಅವರು ಅದುವರೆಗೆ ನೋಡಿರಲಿಲ್ಲ, ಅಷ್ಟೇ. ಟೀಚರಂತೂ ನನ್ನ ಭುಜ ತಟ್ಟಿದರು. ಆದರೂ ಚಳಿಗಾಲದ ರಜೆ ಮುಗಿದ ಮೇಲೆ ನಾನು ಮತ್ತೆ ಶಾಲೆಗೆ ಹೋಗಲಿಲ್ಲ. ಸುಮಳನ್ನು ನೋಡಿಕೊಳ್ಳಬೇಕು ಎಂದು ಅಪ್ಪನಿಗೆ ಹೇಳಿದೆ. ತೊಟ್ಟಿಲು ಬಿಟ್ಟು ಎಷ್ಟೋ ಕಾಲವಾಗಿದ್ದ ಮಗುವನ್ನು ನಾನು ಎರಡನೆಯ ಸಲ ನೆಪ ಮಾಡಿಕೊಂಡದ್ದು ಹೀಗೆ.

ಮುಂದೆ ಮದುವೆಯಾಯಿತು, ರೆಂಟನ್‌ನಲ್ಲಿ ಮನೆಯಾಯಿತು, ಅಲ್ಲೇ ಹತ್ತಿರದ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಓದಲಿಕ್ಕೆಂದು ಒಳಗೆ ಹೋಗಿ ಹೊರಗೆ ಓಡಿ ಬಂದವಳು ಊಟ ಬಡಿಸಲಿಕ್ಕೆಂದು ಶಾಲೆಯೊಳಗೆ ಹೋದೆ. ತಲೆಗೆ ಬಲೆ, ಕೈಗೆ ಗ್ಲೌಸು. ನನ್ನ ಇಂಗ್ಲಿಷೆಲ್ಲ ಒಂದು ಮುಷ್ಟಿಯೊಳಗೆ ಹಿಡಿಯುವಷ್ಟು. "ನೆಕ್ಸ್ಟ್ ಪ್ಲೀಸ್." "ಹಾಟ್, ಹಾಟ್, ಕೇರ್‌ಫುಲ್." "ಮಿಲ್ಕ್ ಆರ್ ಚಾಕೊಲೇಟ್ ಮಿಲ್ಕ್?" ಟ್ರೇಯಲ್ಲಿ ಒಂದು ಹಣ್ಣೋ ತರಕಾರಿಯೋ ಇಲ್ಲದೆ ಮಕ್ಕಳನ್ನು ಮುಂದೆ ಬಿಡುವ ಹಾಗಿಲ್ಲ, ಹಾಗಾಗಿ "ಟೇಕ್ ಎ ಫ್ರೂಟ್, ಹನಿ." ಇಷ್ಟರಲ್ಲಿ ನನ್ನ ದಿನ ಕಳೆಯುತ್ತದೆ.

ನಮ್ಮ ಜೊತೆಗೇ ಇದ್ದ ಸುಮ ಅದೇ ಶಾಲೆಯಲ್ಲಿ ಓದುತ್ತಿದ್ದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಊಟದ ಸಾಲಿನಲ್ಲಿ ಮಾತ್ರ ಎಲ್ಲರಿಗೂ ಕೇಳುವಂತೆ "ಅಕ್ಕಾ, ನಂಗೆ ಇನ್ನೂ ನಾಲ್ಕು ಆಲೂಗಡ್ಡೆ ಹಾಕು ಅಕ್ಕಾ!" ಎಂದು ಕನ್ನಡದಲ್ಲಿ ಕೂಗುತ್ತಿದ್ದಳು. ಹಿಂದೆ ನಿಂತವರಿಗೆ "ದಟ್ಸ್ ಮೈ ಸಿಸ್ಟರ್" ಎಂದು ಹೆಮ್ಮೆಯಿಂದ ತೋರಿಸುತ್ತಿದ್ದಳು. ಅವಳಿಗೆ ನನ್ನ ಬಗ್ಗೆ ನಾಚಿಕೆ ಇರಲಿಲ್ಲ. ನಾನು ಏನು ಮಾಡುತ್ತಿದ್ದೆ ಗೊತ್ತೇ? ಬಗ್ಗಿ ಹಾಲಿನ ಪೆಟ್ಟಿಗೆ ಸರಿಸುವವಳ ಹಾಗೆ ಮಾಡುತ್ತಿದ್ದೆ.

ಹೈಸ್ಕೂಲಿನಲ್ಲಿ ಅವಳು ಫ್ರೆಂಚ್ ತೆಗೆದುಕೊಂಡಳು. ಕಾಲೇಜಿನಲ್ಲೂ ಅದನ್ನೇ ಹಿಡಿದಳು. ಪದವಿ ಮುಗಿಯುವ ಹೊತ್ತಿಗೆ ಫ್ರಾನ್ಸಿನ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿ, ಅದು ಸಿಕ್ಕಿಯೂ ಬಿಟ್ಟಿತು. ತರಗತಿಯ ಟೀಚರ ಜೊತೆ ನಿಂತು ಮಕ್ಕಳ ಹತ್ತಿರ ಇಂಗ್ಲಿಷ್ ಮಾತಾಡುವುದು, ಆಟ ಆಡಿಸುವುದು, ತನ್ನ ದೇಶದ ಕತೆ ಹೇಳುವುದು. ಅಕ್ಟೋಬರಿನಲ್ಲಿ ಹೋದರೆ ಬೇಸಗೆಗೆ ಮುಂಚೆ ವಾಪಸು.

ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತು ಈ ಸುದ್ದಿ ಹೇಳಿದಾಗ ಬೆಂಗಳೂರಿನ ಒಬ್ಬ ಆಂಟಿ ಕೇಳಿದರು: "ಅಸಿಸ್ಟೆಂಟ್ ಅಂದ್ರೆ? ಟೀಚರ್ ಅಲ್ವಾ ಹಾಗಾದ್ರೆ?"

"ಟೀಚರೇ. ಫ್ರಾನ್ಸಿನಲ್ಲಿ ಹಾಗೆ ಕರೆಯುದು" ಎಂದೆ.

"ಅಲ್ಲಾರೀ, ಇಂಗ್ಲಿಷ್ ಕಲಿಸೋಕೆ ಅಮೆರಿಕದಿಂದ ಯಾಕೆ ಕರೆಸ್ಕೋತಾರೆ? ಅವ್ರಿಗೆ ಪಕ್ಕದಲ್ಲೇ ಇಂಗ್ಲೆಂಡ್ ಇಲ್ವಾ?"

ನಾನು ಇನ್ನೊಂದು ಸೌಟು ಪೊಂಗಲ್ ಹಾಕಿಸಿಕೊಂಡು ಮುಂದೆ ಹೋದೆ.

ಸುಮ ಹೋದದ್ದು ಒಂದು ಸಣ್ಣ ಊರಿಗೆ. ಅದರ ಹೆಸರನ್ನು ಅವಳು ಹೇಳುವ ಹಾಗೆ ಹೇಳಲು ನನ್ನ ಮೂಗು ಒಪ್ಪುವುದಿಲ್ಲ. ಒಂದೇ ಶಾಲೆಯಲ್ಲ, ಮೂರು ಶಾಲೆಗಳ ನಡುವೆ ಬಸ್ಸಿನಲ್ಲಿ ಓಡಾಟ. ಬುಧವಾರ ಅವಳಿಗೆ ರಜೆ. ಆ ದಿನ ನನಗೆ ಉದ್ದದ ಫೋನ್. ಮೊದಮೊದಲು ಅವಳು ಹೇಳಿದ್ದೆಲ್ಲ ಊಟದ ಕತೆ. ಶಾಲೆಯ ಕ್ಯಾಂಟೀನಿನಲ್ಲಿ ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಬಡಿಸುವ ಹೆಂಗಸು ಕನಿಕರಪಟ್ಟು ಮೀನು ಹಾಕಿದಳಂತೆ. ಮೀನೂ ಇಲ್ಲ ಎಂದಾಗ ಸಲಾಡ್ ಕೊಟ್ಟಳಂತೆ, ಅದರ ಮೇಲೆ ಹ್ಯಾಮಿನ ಚೂರು. "ಇಷ್ಟು ಸಣ್ಣದು ಅಲ್ವಾ" ಎಂದಳಂತೆ. ಸುಮ ಬೈಯುತ್ತಿದ್ದಳು. ನನಗೋ ಆ ಹೆಂಗಸಿನ ಮೇಲೆ ಪ್ರೀತಿ ಬಂತು. ಸಾಲಿನಲ್ಲಿ ಒಬ್ಬಳು ಖಾಲಿ ಟ್ರೇ ಹಿಡಿದು ನಿಂತರೆ ಬಡಿಸುವವಳ ಸಂಕಟ ಏನೆಂದು ನನಗೆ ಗೊತ್ತು.

ಆಮೇಲೆ ನಿಧಾನಕ್ಕೆ ಬೇರೆ ಕತೆ ಹೊರಬಂತು. ಅಮೆರಿಕದಿಂದ ಅಸಿಸ್ಟೆಂಟ್ ಬರುತ್ತಾಳೆ ಎಂದಾಗ ಮಕ್ಕಳು ಚಿನ್ನದ ಬಣ್ಣದ ಕೂದಲಿನವಳನ್ನು ಕಾಯುತ್ತಿದ್ದರಂತೆ. ಜಡೆ ಹಾಕಿದ ಸುಮಳನ್ನು ಕಂಡು "ಅಮೆರಿಕದವಳು ಯಾವಾಗ ಬರುತ್ತಾಳೆ?" ಎಂದು ಒಬ್ಬ ಕೇಳಿದನಂತೆ. ಆ ಕ್ಲಾಸಿನ ಟೀಚರನ್ನು ಸುಮ ಮದಾಮ್ ಎನ್ನುತ್ತಿದ್ದಳು, ನಾನೂ ಹಾಗೇ ಎನ್ನುತ್ತೇನೆ. ಮದಾಮ್ ಪುಸ್ತಕ ಬಿಟ್ಟು ಆಚೀಚೆ ಹೋಗುವವರಲ್ಲ. ಸುಮಳನ್ನು ಒಂದು ಮೂಲೆಯಲ್ಲಿ ಕೂರಿಸಿ ಶಬ್ದಗಳನ್ನು ಓದಿ ಹೇಳಿಸುತ್ತಿದ್ದರು, ಉಳಿದ ಹೊತ್ತಿನಲ್ಲಿ ಫೋಟೊಕಾಪಿ ಮಾಡಿಸುತ್ತಿದ್ದರು.

ಒಂದು ಬುಧವಾರ ಅವಳು ಕೇಳಿದಳು. "ಅಕ್ಕ, ಮದಾಮ್ ಒಂದು ಪಾಠ ನಂಗೆ ಬಿಟ್ಟಿದ್ದಾರೆ. ಪೂರ್ತಿ ನಂದೇ. ಚೆನ್ನಾಗಿ ಆದ್ರೆ ಆಮೇಲೆ ಪ್ರತಿ ವಾರ ಕೊಡ್ತಾರೆ. ಇಲ್ಲದಿದ್ರೆ ವರ್ಷ ಇಡೀ ಫೋಟೊಕಾಪಿ."

"ಒಳ್ಳೆದಾಯ್ತಲ್ಲ! ಎಂತ ಪಾಠ?"

"ನೀನೇ ಪಾಠ. ವಿಡಿಯೋ ಕಾಲ್‌ನಲ್ಲಿ ಬಾ. ಅಮೆರಿಕದ ಸ್ಕೂಲಲ್ಲಿ ಮಕ್ಕಳು ಎಂತ ತಿಂತಾರೆ ಹೇಳು. ಮಕ್ಕಳು ಪ್ರಶ್ನೆ ಕೇಳ್ತಾರೆ. ಟೆನ್ ಮಿನಿಟ್ಸ್, ಅಕ್ಕ. ದಟ್ಸ್ ಆಲ್."

"ತಲೆ ಕೆಟ್ಟಿದಾ ನಿಂಗೆ? ಕಾಲೇಜಿನ ಫ್ರೆಂಡ್ಸ್ ಯಾರೂ ಇಲ್ವಾ?"

"ಫ್ರೆಂಡ್ಸ್ ಎಂತಕ್ಕೆ? ನಾನು ಅಮೆರಿಕದವಳು ಅಂತ ಇವರಿಗೆ ನಂಬಿಕೆ ಇಲ್ಲ. ನೀನು ಅಮೆರಿಕನ್ ಸ್ಕೂಲ್ ಒಳಗೇ ಕೆಲಸ ಮಾಡ್ತಿ. ನಿನ್ನಷ್ಟು ರಿಯಲ್ ಅಮೆರಿಕ ನನ್ನ ಹತ್ರ ಬೇರೆ ಯಾರಿದ್ದಾರೆ?"

"ನನ್ನ ಇಂಗ್ಲಿಷ್ ಮಾರಾಯ್ತಿ..."

"ನಿನ್ನ ಇಂಗ್ಲಿಷಿಗೆ ಎಂತ ಆಗಿದೆ? ದಿನಾ ಆ ಸಾಲು ಮಕ್ಕಳ ಹತ್ರ ಯಾವ ಭಾಷೆ ಮಾತಾಡ್ತಿ, ತುಳುವಾ?"

ಬರುತ್ತೇನೆ ಎಂದೆ. ಎನ್ನದೆ ಉಪಾಯವಿರಲಿಲ್ಲ. ಅವಳಿಗೆ ಮಧ್ಯಾಹ್ನ ಊಟದ ನಂತರದ ಕ್ಲಾಸು, ನನಗೆ ನಸುಕಿನ ಐದು ಗಂಟೆ. ಹೇಗೂ ನಾನು ಏಳುವ ಹೊತ್ತೇ ಅದು.

ತಯಾರಿ ಮಾಡಲಿಲ್ಲ ಎಂದು ಮಾತ್ರ ಯಾರೂ ಹೇಳಬಾರದು. ಶಾಲೆಯ ಕೋಲ್ಡ್ ರೂಮಿನಲ್ಲಿ ಹಾಲಿನ ಕ್ರೇಟುಗಳ ಎದುರು ನಿಂತು ಪಾಠ ಒಪ್ಪಿಸಿದೆ. "ಹಲೋ ಚಿಲ್ಡ್ರನ್, ಮೈ ನೇಮ್ ಈಸ್ ಶಾರದಾ." ಕ್ರೇಟುಗಳೂ ಕ್ರೋಟನ್ ಗಿಡಗಳ ಹಾಗೆ ಬಹಳ ಒಳ್ಳೆಯ ವಿದ್ಯಾರ್ಥಿಗಳು. ನಗುವುದಿಲ್ಲ.

ಆ ಬೆಳಿಗ್ಗೆ ಬೇಗ ಎದ್ದು ತಲೆ ಬಾಚಿ, ಹೊಸ ಸ್ವೆಟರ್ ಹಾಕಿಕೊಂಡು, ಅಡುಗೆಮನೆಯ ಕಟ್ಟೆಯ ಮೇಲೆ ಸಕ್ಕರೆ ಡಬ್ಬಕ್ಕೆ ಫೋನನ್ನು ಒರಗಿಸಿ ಇಟ್ಟೆ. ನಮ್ಮವರು ಇನ್ನೂ ಮಲಗಿದ್ದರು. ಓವನ್ನಿನೊಳಗೆ ಹಿಂದಿನ ದಿನ ರುಬ್ಬಿಟ್ಟ ಹಿಟ್ಟು. ಸ್ಟೀಲ್ ಪಾತ್ರೆಯಲ್ಲಿ ಬೇರೇನೋ ಇದ್ದುದರಿಂದ ಐಸ್‌ಕ್ರೀಮಿನ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿದ್ದೆ. ಬಾಗಿಲ ಹಿಡಿಗೆ ಬೈರಾಸು ಕಟ್ಟಿತ್ತು.

ಫೋನ್ ರಿಂಗಾಯಿತು. ಪರದೆಯ ಮೇಲೆ ಸುಮಳ ನಗುವ ಫೋಟೊ. ನಾನು ಕೈ ಒರೆಸಿಕೊಳ್ಳಲು ಶುರು ಮಾಡಿದೆ. ಕೈಯಲ್ಲಿ ಒಂದು ಹನಿ ನೀರಿಲ್ಲ. ಒರೆಸಿದೆ, ಒರೆಸಿದೆ. ಆಚೆ ಬದಿಯಲ್ಲಿ ಒಂದು ಇಡೀ ತರಗತಿ ಇದೆ, ನಾನು ಬಾಯಿ ಬಿಟ್ಟ ಕೂಡಲೇ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಒಟ್ಟಿಗೇ ನಗುತ್ತದೆ ಎಂಬುದು ನನಗೆ ಆಗಲೇ ಕೇಳಿಸುತ್ತಿತ್ತು. ಉಜ್ಜಿ ಉಜ್ಜಿ ಬೈರಾಸಿನ ಗಂಟು ಬಿಚ್ಚಿ ಅದು ಕೈಗೇ ಬಂತು. ರಿಂಗ್ ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ನಾನು ಫೋನನ್ನೇ ನೋಡುತ್ತಾ ನಿಂತಿದ್ದೆ. ಒಂದು ಬೆರಳು ಮುಂದೆ ಚಾಚಿದ್ದರೆ ಸಾಕಿತ್ತು. ಚಾಚಲಿಲ್ಲ.

ಅದು ಪೂರ್ತಿ ಸುಮ್ಮನಾದ ಮೇಲೆ, ಏನಾದರೂ ಮಾಡಬೇಕಲ್ಲ ಎಂದು ಬೈರಾಸನ್ನು ಹೆಗಲಿಗೆ ಹಾಕಿಕೊಂಡು, ತಿಂಡಿಗೆ ಬ್ರೆಡ್ಡಾದರೂ ಸುಡೋಣ ಎಂದು ಓವನ್ ಹಚ್ಚಿದೆ. ಅಪ್ಪನ ಬಾಣಂತಿ ಒಳಗೇ ಇದ್ದಳು. ಗುರುತು ನನ್ನ ಹೆಗಲ ಮೇಲಿತ್ತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತೆ.

ಉಳಿದದ್ದನ್ನು ನೀವೇ ಊಹಿಸಬಹುದು. ಪ್ಲಾಸ್ಟಿಕ್ ಕರಗಿತು, ಹಿಟ್ಟು ಹರಿಯಿತು, ಕಪ್ಪು ಹೊಗೆ ಎದ್ದಿತು, ಹೊಗೆಯ ಅಲಾರಂ ಕಿರುಚಿಕೊಂಡಿತು. ಇಡೀ ಅಪಾರ್ಟ್‌ಮೆಂಟು ಹಾಸಿಗೆಯಿಂದ ಎದ್ದು ಹೊರಗೆ ಬಂತು. ಜಿನುಗುವ ಮಳೆಯಲ್ಲಿ ಯಾರು ಯಾರೋ ಯಾವ ಯಾವುದೋ ಬಟ್ಟೆಯಲ್ಲಿ ನಿಂತಿದ್ದರು. ನಮ್ಮವರು ಲುಂಗಿಯ ಮೇಲೆ ಗೋದಾಮಿನ ಹಳದಿ ಜಾಕೆಟ್ ಹಾಕಿಕೊಂಡಿದ್ದರು. ಮೇಲಿನ ಮನೆಯ ತೆಲುಗು ಆಂಟಿ ಮೂಗಿಗೆ ಸೆರಗು ಹಿಡಿದು ಒಮ್ಮೆ ಗಾಳಿ ಎಳೆದು, "ದೋಸಪಿಂಡಿಯಾ ಅಮ್ಮಾ?" ಎಂದು ಕೇಳಿದರು. ದೋಸೆ ಹಿಟ್ಟಿನ ಅನುಭವಸ್ಥರು.

ಎಲ್ಲ ಮುಗಿದು ಒಳಗೆ ಬಂದಾಗ ಫೋನ್ ಮತ್ತೆ ರಿಂಗಾಯಿತು. ಈ ಸಲ ಎತ್ತಿದೆ.

"ಅಕ್ಕ! ಎಂತ ಆಯ್ತು? ನೀನು ಹುಷಾರಿದ್ಯಾ? ಭಾವ ಹುಷಾರಿದ್ದಾರಾ?"

ಸಿಟ್ಟಿನಿಂದ ಕೇಳಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. ಅವಳ ಧ್ವನಿಯಲ್ಲಿ ಇದ್ದದ್ದು ಬರೀ ಗಾಬರಿ. "ಓವನ್ನಿನಲ್ಲಿ ಹಿಟ್ಟು ಇತ್ತು, ಮರೆತು ಹಚ್ಚಿದೆ. ಅಲಾರಂ ಹೊಡ್ಕೊಂಡಿತು. ಎಲ್ಲರೂ ಹೊರಗೆ ಓಡಿದ್ದು. ಫೋನು ಒಳಗೇ ಇತ್ತು" ಎಂದೆ. ನೋಡಿ, ಒಂದೊಂದು ಮಾತೂ ನಿಜ. ಯಾವುದು ಮೊದಲು ಯಾವುದು ಆಮೇಲೆ ಎಂಬುದು ಮಾತ್ರ ಸುಳ್ಳು.

ಸುಮ ಜೋರಾಗಿ ನಕ್ಕಳು. "ಓ ಮೈ ಗಾಡ್, ಅಕ್ಕ! ಬೈರಾಸು ಕಟ್ಟಿರ್ಲಿಲ್ವಾ?"

ಆ ದಿನ ಅಲ್ಲಿ ನಡೆದದ್ದನ್ನು ಅವಳು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಮಕ್ಕಳೆಲ್ಲ ಪರದೆಯ ಎದುರು ಬಂದು ಕುಳಿತು, ರಿಂಗ್ ಕೇಳುತ್ತಾ ಕಾದಿದ್ದರು. ಎರಡನೆಯ ಸಲ ನಿಂತಾಗ ಮದಾಮ್ ಬಂದು ಪರದೆ ಆರಿಸಿ, ಪುಸ್ತಕ ತೆರೆಯಿರಿ ಎಂದರು. ಸುಮಳಿಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದಳು ಸುಮ.

ಆದರೆ ನನ್ನ ಸುಳ್ಳು ಫ್ರಾನ್ಸಿನಲ್ಲಿ ಒಳ್ಳೆಯ ಬೆಳೆ ತೆಗೆಯಿತು. ಮರುವಾರ ಅವಳು ಮದಾಮ್ ಹತ್ತಿರ ಸ್ವಲ್ಪ ಹೊತ್ತು ಬೇಡಿಕೊಂಡು, ಅಕ್ಕ ಯಾಕೆ ಫೋನ್ ಎತ್ತಲಿಲ್ಲ ಎಂಬ ಕತೆಯನ್ನು ಚಿತ್ರ ಬರೆದು ಹೇಳಿದಳು. ಓವನ್ನಿನೊಳಗಿನ ಹಿಟ್ಟು, ಕೆಂಪು ಬೈರಾಸು, ಹೊಗೆ, ಮಳೆಯಲ್ಲಿ ಲುಂಗಿ ಉಟ್ಟ ಭಾವ. ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ಆಮೇಲೆ ಚಿತ್ರಗಳನ್ನು ಕಲೆಸಿ ಕೊಟ್ಟು, ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಸಾಲಾಗಿ ಜೋಡಿಸಿ ಇಂಗ್ಲಿಷಿನಲ್ಲಿ ಹೇಳುವ ಆಟ ಆಡಿಸಿದಳು. ಅಸಿಸ್ಟೆಂಟರಿಗೆ ಮೊದಲು ಹೇಳಿಕೊಡುವ ಪಾಠವೇ ಅದಂತೆ. ಬಾಯಿ ಬಿಡದ ಮಕ್ಕಳೂ ಹೊಗೆಯ ಅಲಾರಂ ಆಗಿ ಕೂಗಿದರು. ಮದಾಮ್ ಹಿಂದಿನ ಸಾಲಿನಲ್ಲಿ ನಿಂತು ನೋಡಿದರು. ಪ್ರತಿ ವಾರದ ಪಾಠ ಸುಮಳಿಗೆ ಸಿಕ್ಕಿತು.

ನನಗೆ ಸಂತೋಷವಾಗಬೇಕಿತ್ತು. ಅವಳು ಫೋನಿನಲ್ಲಿ "ನೀನು ಇಲ್ಲಿ ಫೇಮಸ್ ಗೊತ್ತುಂಟಾ?" ಎಂದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತಿತ್ತು. ಅನ್ನ ಹಳಸಿದರೆ ಎಸೆಯಬಹುದು. ಹಳಸಿದ್ದನ್ನು ಯಾರೋ ರುಚಿಯಾಗಿದೆ ಎಂದು ಚಪ್ಪರಿಸಿ ತಿನ್ನುತ್ತಿದ್ದರೆ ಬಡಿಸಿದವಳು ಏನು ಮಾಡಬೇಕು? ಓವನ್ನನ್ನು ಎಷ್ಟು ಉಜ್ಜಿದರೂ ಸುಟ್ಟ ವಾಸನೆ ಹೋಗಲಿಲ್ಲ.

ಚಳಿಗಾಲ ಕಳೆದ ಮೇಲೆ ಅವಳು ಮತ್ತೆ ಕೇಳಿದಳು. "ಮಕ್ಕಳು ನಿನ್ನನ್ನು ನೋಡ್ಬೇಕು ಅಂತಿದ್ದಾರೆ, ಅಕ್ಕ. ಈ ಸಲ ಹಿಟ್ಟು ರುಬ್ಬಬೇಡ, ಪ್ಲೀಸ್."

ಮತ್ತೆ ಅದೇ ನಸುಕು, ಅದೇ ಸಕ್ಕರೆ ಡಬ್ಬ. ಫೋನ್ ರಿಂಗಾಯಿತು. ಕೈ ತಾನಾಗಿ ಬೈರಾಸಿನ ಕಡೆಗೆ ಹೋಯಿತು. ಒರೆಸಿದೆ, ಒಂದು ಸಲ. ಆಮೇಲೆ ಪರದೆ ಮುಟ್ಟಿದೆ.

ಒಂದು ಕೋಣೆ ತುಂಬ ಮಕ್ಕಳು "ಹಲೋ ಶಾರದಾ!" ಎಂದರು. ನಾನು ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಎದ್ದು ನಿಂತೆ, ಕೈ ಕಟ್ಟಿದೆ, ಗಟ್ಟಿಯಾಗಿ ರಾಗವಾಗಿ "ಹಲೋ ಚಿಲ್ಡ್ರನ್" ಎಂದೆ. ಎದ್ದು ನಿಂತದ್ದರಿಂದ ಅವರಿಗೆ ಕಂಡದ್ದು ನನ್ನ ಸ್ವೆಟರಿನ ಹೊಟ್ಟೆ ಮಾತ್ರ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಒಟ್ಟಿಗೇ ನಕ್ಕಿತು.

ಇಷ್ಟು ವರ್ಷ ನಾನು ಹೆದರಿಕೊಂಡು ಓಡುತ್ತಿದ್ದ ನಗು ಬಂದೇ ಬಿಟ್ಟಿತು. ಬಂದು ಹೋಯಿತು. ನಾನು ಅಲ್ಲೇ ಇದ್ದೆ. ಸುಮ "ಅಕ್ಕ, ಕೂತ್ಕೋ, ತಲೆ ಕಾಣುದಿಲ್ಲ" ಎಂದಳು. ಕುಳಿತೆ.

ಅವಳ ಹಿಂದೆ ಗೋಡೆಯ ಮೇಲೆ ಚಿತ್ರಗಳ ಸಾಲು ಕಂಡಿತು. ಮಕ್ಕಳು ಬಣ್ಣ ಹಾಕಿದ್ದು. ಮೊದಲು ಓವನ್. ಆಮೇಲೆ ಹೊಗೆ. ಆಮೇಲೆ ಮಳೆಯಲ್ಲಿ ನಿಂತ ಜನ. ಕೊನೆಯಲ್ಲಿ ಖಾಲಿ ಅಡುಗೆಮನೆಯಲ್ಲಿ ಒಂಟಿಯಾಗಿ ಕೂಗುತ್ತಿರುವ ಫೋನ್. ನನ್ನ ಸುಳ್ಳಿಗೆ ಇಷ್ಟು ಚೆಂದದ ಬಣ್ಣ ಹಾಕಿ ತೂಗುಹಾಕಿದ್ದರು. ಒಬ್ಬ ಹುಡುಗಿ ಎದ್ದು, ಒಂದೊಂದೇ ಚಿತ್ರ ತೋರಿಸಿ ಕತೆ ಪೂರ್ತಿ ಹೇಳಿ, ನನ್ನ ಕಡೆ ತಿರುಗಿ ಕೇಳಿದಳು: "ಇಟ್ ಈಸ್ ಗುಡ್?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹಿಂದಿನ ಸಾಲಿನಲ್ಲಿ ಮದಾಮ್ ಕೈ ಕಟ್ಟಿ ನಿಂತಿದ್ದರು. ಇಲ್ಲ ಎಂದರೆ ಸುಮಳ ಮೊದಲ ಪಾಠವೇ ಸುಳ್ಳಾಗುತ್ತದೆ, ಅವರ ಎದುರೇ. ಆದರೆ ಆ ಹುಡುಗಿ ಉತ್ತರಕ್ಕೆ ಕಾಯುತ್ತಿದ್ದಳು. ಅವಳು ಗಿಡವಲ್ಲ, ಕ್ರೇಟಲ್ಲ.

"ನೋ" ಎಂದೆ. "ಫೋನ್ ಫಸ್ಟ್. ಓವನ್ ಆಫ್ಟರ್."

ಸುಮ ನನ್ನನ್ನು ನೋಡಿದಳು. ಆಮೇಲೆ ನನಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿದಳು. ಎಷ್ಟು ಹೊತ್ತು ಹಾಗೆ ನಿಂತಳೋ, ನನಗೆ ಕಂಡದ್ದು ಅವಳ ಜಡೆ ಮಾತ್ರ. ನಾನು ಹಾಕಿ ಕಲಿಸಿದ ಜಡೆ. ಕೊನೆಗೆ ಅವಳು ಫೋನಿನ ಚಿತ್ರ ಕಿತ್ತು ತಂದು ಎಲ್ಲಕ್ಕಿಂತ ಮೊದಲು ಅಂಟಿಸಿದಳು. ಮಕ್ಕಳ ಕಡೆ ತಿರುಗಿ, ಟೀಚರರ ಧ್ವನಿಯಲ್ಲೇ, ಹಾಗಾದರೆ ಅಕ್ಕ ಫೋನ್ ಯಾಕೆ ಎತ್ತಲಿಲ್ಲ ಎಂದು ಕೇಳಿದಳು.

ಕೈಗಳೆದ್ದವು. ನಿದ್ದೆ ಮಾಡುತ್ತಿದ್ದಳು ಎಂದಿತು ಒಂದು. ಬ್ಯಾಟರಿ ಇರಲಿಲ್ಲ ಎಂದಿತು ಇನ್ನೊಂದು. ಬಚ್ಚಲಿನಲ್ಲಿದ್ದಳು ಎಂದೊಬ್ಬ, ಅದು ನಿಜದಿಂದ ಬಹಳ ದೂರವೂ ಇರಲಿಲ್ಲ. ಕನ್ನಡಕದ ಒಂದು ಮಗು ಮೆಲ್ಲಗೆ, "ಶೀ ಈಸ್ ಅಫ್ರೇಡ್?" ಎಂದಿತು.

"ಯೆಸ್" ಎಂದೆ. "ಐ ಆಮ್ ಅಫ್ರೇಡ್. ಮೈ ಇಂಗ್ಲಿಷ್... ಸ್ಮಾಲ್."

"ಆಫ್ ಅಸ್?" ಮಕ್ಕಳಿಗೆ ನಂಬಲಿಕ್ಕೇ ಆಗಲಿಲ್ಲ. ಅಮೆರಿಕದ ಒಬ್ಬ ದೊಡ್ಡ ಹೆಂಗಸು ತಮಗೆ ಹೆದರಿದ್ದಾಳೆ ಎಂದು ತಿಳಿದು ಅವರ ಎದೆ ಉಬ್ಬಿದ್ದನ್ನು ನೀವು ನೋಡಬೇಕಿತ್ತು. ಮದಾಮ್ ಹಿಂದಿನಿಂದ ಫ್ರೆಂಚಿನಲ್ಲಿ ಏನೋ ಹೇಳಿದರು, ಮಕ್ಕಳು ತಿರುಗಿ ಅವರನ್ನು ನೋಡಿದರು. ಮುಂದೇನು ಎಂದು ನನಗೆ ತಿಳಿಯಲಿಲ್ಲ. ಗೊತ್ತಿದ್ದದ್ದನ್ನೇ ಕೇಳಿದೆ. "ಮಿಲ್ಕ್ ಆರ್ ಚಾಕೊಲೇಟ್ ಮಿಲ್ಕ್?"

"ಚಾಕೊಲೇಟ್!" ಎಂದು ಇಡೀ ಕ್ಲಾಸು ಕೂಗಿತು. ರೆಂಟನ್ನಿನಲ್ಲೂ ಉತ್ತರ ಅದೇ.

ಕ್ಲಾಸು ಮುಗಿದ ಮೇಲೆ ಸುಮ ಒಬ್ಬಳೇ ಫೋನ್ ಮಾಡಿದಳು. ನಾನು ಆಗ ಶಾಲೆಯ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕುಳಿತಿದ್ದೆ.

"ಮದಾಮ್ ಎಂತ ಹೇಳಿದ್ದು ಗೊತ್ತುಂಟಾ? ನಂಗೂ ಇಂಗ್ಲಿಷ್ ಮಾತಾಡ್ಲಿಕ್ಕೆ ಹೆದರಿಕೆ, ಅದ್ಕೇ ಪುಸ್ತಕ ಬಿಡುದಿಲ್ಲ ಅಂತ. ಮಕ್ಕಳ ಎದುರು ಹೇಳಿದ್ರು."

"ಹೌದಾ" ಎಂದೆ.

"ನಾನು ಆವತ್ತು ಬಸ್ಸಲ್ಲಿ ಅತ್ತಿದ್ದೆ, ಅಕ್ಕ."

"ತಪ್ಪಾಯ್ತು, ಪುಟ್ಟಿ."

"ಹೆದರಿಕೆ ಅಂತ ಮೊದಲೇ ಹೇಳ್ಬಹುದಿತ್ತಲ್ಲ. ನನ್ನ ಹತ್ರ ಎಂತಕ್ಕೆ ಸುಳ್ಳು?" ಅವಳ ಧ್ವನಿ ಸಣ್ಣದಾಗಿತ್ತು. "ಸಾಲಲ್ಲಿ ನಾನು ಕರೆದಾಗ ನೀನು ಬಗ್ಗಿ ಹಾಲಿನ ಪೆಟ್ಟಿಗೆ ಸರಿಸ್ತಿದ್ದೆ, ನೆನಪುಂಟಾ? ನಂಗೆ ಆಗ್ಲೇ ಗೊತ್ತಾಗ್ತಿತ್ತು. ಪೆಟ್ಟಿಗೆ ಖಾಲಿ ಇರ್ತಿತ್ತು."

ನಾನು ಸ್ಟಿಯರಿಂಗ್ ಹಿಡಿದು ಕುಳಿತೆ.

"ಈಗ ಸಿಟ್ಟು ಉಂಟು ನಂಗೆ" ಎಂದಳು. "ಬುಧವಾರ ಫೋನ್ ಮಾಡ್ತೇನೆ. ಅಷ್ಟರಲ್ಲಿ ಇಳಿದಿರ್ತದೆ." ಇಟ್ಟಳು.

ಬುಧವಾರ ಶಾಲೆ ಮುಗಿಸಿ ಬಂದು ಅಕ್ಕಿ ಉದ್ದು ರುಬ್ಬಿದೆ. ರುಬ್ಬಿದ ಹಿಟ್ಟನ್ನು ಉಪ್ಪು ಹಾಕಿ ಕೈಯಲ್ಲೇ ಕಲೆಸಬೇಕು, ಸೌಟಿನಲ್ಲಿ ಕಲೆಸಿದರೆ ಹುಳಿ ಬರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಈ ಸಲ ಸ್ಟೀಲ್ ಪಾತ್ರೆ. ಎರಡೂ ಕೈ ಮಣಿಕಟ್ಟಿನವರೆಗೆ ಹಿಟ್ಟಿನಲ್ಲಿದ್ದಾಗ ಫೋನ್ ರಿಂಗಾಯಿತು. ಸುಮಳ ನಗುವ ಫೋಟೊ. ಅಲ್ಲಿ ಆಗ ಮಲಗುವ ಹೊತ್ತಾಗಿರಬೇಕು. ಕಾದು ಕಾದು ಮಾಡಿದ್ದಳು.

ಬೈರಾಸು ಕೈಗೆಟಕುವಲ್ಲೇ ಇತ್ತು. ನಾನು ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿ ಕಿವಿಗೆ ಹಿಡಿದೆ.

ಕಿವಿಯಿಂದ ಕುತ್ತಿಗೆಗೆ ಹಿಟ್ಟು ಇಳಿಯಿತು. ಅವಳ ಧ್ವನಿ ಹೊರಬರುವ ಸಣ್ಣ ತೂತುಗಳಲ್ಲಿ ಅದು ಒಣಗಿ ಕುಳಿತಿದೆ, ಸೂಜಿ ಹಾಕಿ ಕೆರೆದರೂ ಪೂರ್ತಿ ಹೋಗಿಲ್ಲ. ಎಲ್ಲರ ಮಾತೂ ಈಗ ಸ್ವಲ್ಪ ದೂರದಿಂದ ಕೇಳಿಸುತ್ತದೆ. ಹೊಸ ಫೋನ್ ತೆಗೆದುಕೊಳ್ಳೋಣ ಎಂದು ನಮ್ಮವರು ಹೇಳುತ್ತಲೇ ಇರುತ್ತಾರೆ. ನಾನು ಬೇಡ ಎಂದಿದ್ದೇನೆ. ಬೇರೆ ಯಾರ ಫೋನ್ ಬಂದರೂ ಇವತ್ತಿಗೂ ಎದ್ದು ಹೋಗಿ ಕೈ ಒರೆಸಿಕೊಳ್ಳುತ್ತೇನೆ, ಅಭ್ಯಾಸ ಬಿಡುವುದು ಅಷ್ಟು ಸುಲಭವಲ್ಲ. ಅವಳ ಫೋನಿಗೆ ಮಾತ್ರ ಒರೆಸುವುದಿಲ್ಲ.